ಬಸ್ಸಿಗೆ ಬ್ಯಾಟರಿ ಮೊದಲೋ, ದಾರಿ ಮೊದಲೋ?

500ಡಿ_ಗಿರಾಕಿ

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆಯಲ್ಲಿ ಹುಳ ಬಿಟ್ಟುಕೊಂಡು ಕೂತಿದ್ದೀನಿ, ಇಲ್ಲಿ ಕೇಳಿಬಿಡೋಣ ಅಂತ ಬಂದೆ.

ನಾನು ಮಾರತ್ತಹಳ್ಳಿಯಿಂದ ಹೆಬ್ಬಾಳಕ್ಕೆ ದಿನಾ ಹೋಗಿಬರೋನು. ಹತ್ತು ವರ್ಷ 500ಡಿ ಬಸ್ಸೇ ಗತಿ. ಹೋದ ತಿಂಗಳು ಕೊನೆಗೂ ಬ್ಯಾಟರಿ ಸ್ಕೂಟರ್ ತಗೊಂಡೆ. ಆಫೀಸಲ್ಲಿ ಎಲ್ಲರೂ "ಪರಿಸರಪ್ರೇಮಿ ಕಣಯ್ಯಾ ನೀನು" ಅಂತ ಬೆನ್ನು ತಟ್ಟಿದರು. ನನಗೆ ಮಾತ್ರ ಒಳಗೊಳಗೇ ಇರಿಸುಮುರಿಸು. ಯಾಕಂದರೆ ನಾನು ಬಿಟ್ಟಿದ್ದು ಪೆಟ್ರೋಲ್ ಗಾಡಿಯನ್ನಲ್ಲ, ಬಸ್ಸನ್ನ! ನಾನು ಹತ್ತದಿದ್ದರೂ ಆ ಬಸ್ಸು ಓಡೇ ಓಡುತ್ತೆ. ರಸ್ತೆ ಮೇಲೆ ಒಂದು ಗಾಡಿ ಜಾಸ್ತಿ ಆಯ್ತು, ಅಷ್ಟೇ.

ಬಿಟ್ಟಿದ್ದಾದರೂ ಯಾಕೆ? ಬಸ್ಸು ಕೆಟ್ಟದಾಗಿತ್ತು ಅಂತಲ್ಲ. ಸ್ಕೂಟರು ಸಂದಿಯಲ್ಲಿ ನುಗ್ಗುತ್ತೆ, ಬಸ್ಸಿಗೆ ನುಗ್ಗೋಕಾಗಲ್ಲ.

ಈಗ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್ಸು ಹಂಚಿಕೆಯಾಗಿದೆ. ಒಳ್ಳೇದೇ. ಆದರೆ ಅವೂ ಇದೇ ಜಾಮ್‌ನಲ್ಲಿ ನಿಂತರೆ? ಊರೊಳಗಿನ ಓಡಾಟದ ಇಂಗಾಲ ಇಳಿಸಬೇಕು ಅಂದರೆ ಸರ್ಕಾರ ಮೊದಲು ಕೈ ಹಾಕಬೇಕಾದ್ದು ಯಾವುದಕ್ಕೆ? ಪಕ್ಷ ರಾಜಕೀಯ ಬೇಡ, ದಯವಿಟ್ಟು.

ಕರೆಂಟ್_ಕಂಬ

ಮೊದಲು ಲೆಕ್ಕ, ಆಮೇಲೆ ಜಗಳ.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಪೆಟ್ರೋಲ್ ಆದರೆ 2.3. ಎಸಿ ಇಲ್ಲದ ದೊಡ್ಡ ಬಸ್ಸು ಲೀಟರಿಗೆ 4 ಕಿ.ಮೀ. ಕೊಡುತ್ತೆ ಅಂತಿಟ್ಟುಕೊಳ್ಳಿ, ಕಿ.ಮೀ.ಗೆ 670 ಗ್ರಾಂ ಚಿಲ್ಲರೆ ಆಯ್ತು. ಐವತ್ತು ಜನ ಇದ್ದರೆ ತಲೆಗೆ 13-14 ಗ್ರಾಂ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಟ್ಟರೆ 50 ಗ್ರಾಂ. ಕಾರು ಟ್ರಾಫಿಕ್ಕಲ್ಲಿ 12 ಕೊಟ್ಟರೆ 190 ಗ್ರಾಂ, ಒಳಗೆ ಕೂತಿರೋದು ಬಹುತೇಕ ಒಬ್ಬರೇ.

ಈಗ ಹುಳಿ ಹಿಂಡ್ತೀನಿ. 12 ಮೀಟರಿನ ಎಲೆಕ್ಟ್ರಿಕ್ ಬಸ್ಸು ಕಿ.ಮೀ.ಗೆ ಒಂದರಿಂದ ಒಂದೂಕಾಲು ಯೂನಿಟ್ ಎಳೆಯುತ್ತೆ. ನಮ್ಮ ದೇಶದ ಸರಾಸರಿ ಕರೆಂಟಿನ ಪ್ರತಿ ಯೂನಿಟ್ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇದೆ. ಗುಣಿಸಿ ನೋಡಿ. 700ರಿಂದ 875 ಗ್ರಾಂ! ಅಂದರೆ ಡೀಸೆಲ್ ಬಸ್ಸಿನಷ್ಟೇ, ಇಲ್ಲಾಂದ್ರೆ ಸ್ವಲ್ಪ ಜಾಸ್ತಿ.

ಇದನ್ನ ಹಿಡ್ಕೊಂಡು "ಇವಿ (ಬ್ಯಾಟರಿ ಗಾಡಿ) ಎಲ್ಲ ಮೋಸ" ಅಂತ ವಾಟ್ಸಾಪಿಗೆ ಹಾಕಬೇಡಿ. ಡೀಸೆಲ್ ತೆಗೆದು, ಶುದ್ಧ ಮಾಡಿ, ಬಂಕಿಗೆ ತರೋದರ ಹೊಗೆ ಈ ಲೆಕ್ಕದಲ್ಲಿಲ್ಲ. ಸ್ಟಾಪಿನಲ್ಲಿ ನಿಂತವರ ಮೂಗಿಗೆ ಬಡಿಯೋ ಕರಿ ಹೊಗೆಯಂತೂ ಪೂರ್ತಿ ನಿಲ್ಲುತ್ತೆ, ಅದೇ ದೊಡ್ಡ ಲಾಭ. ಎಲ್ಲಕ್ಕಿಂತ ಮುಖ್ಯ, ಕರ್ನಾಟಕದ ಕರೆಂಟು ದೇಶದ ಸರಾಸರಿ ಕರೆಂಟಲ್ಲ. ಪಾವಗಡದಲ್ಲೇ 2,050 ಮೆಗಾವಾಟ್ ಸೋಲಾರ್ ಇದೆ, ಗದಗ-ಚಿತ್ರದುರ್ಗದ ಗಾಳಿ ಇದೆ, ಶರಾವತಿ ಇದೆ. ಹಾಗಾಗಿ ಬಸ್ಸನ್ನ *ಯಾವಾಗ* ಚಾರ್ಜಿಗೆ ಹಾಕ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಮಧ್ಯಾಹ್ನ 12ಕ್ಕೆ ಹಾಕಿದರೆ ಪಾವಗಡದ ಬಿಸಿಲು, ರಾತ್ರಿ 12ಕ್ಕೆ ಹಾಕಿದರೆ ರಾಯಚೂರು-ಬಳ್ಳಾರಿಯ ಕಲ್ಲಿದ್ದಲಿನ ಪಾಲು ಜಾಸ್ತಿ. ನಮ್ಮ ಬಸ್ಸುಗಳು ಹಗಲೆಲ್ಲ ದುಡಿದು ರಾತ್ರಿ ಡಿಪೋಗೆ ಬರ್ತವೆ, ಅದೇ ತೊಡಕು. ಬೆಳಗಿನ ರಶ್ಶು ಮುಗಿದ ಮೇಲೆ 11ರಿಂದ 3ರೊಳಗೆ ಮೂರರಲ್ಲಿ ಒಂದು ಬಸ್ಸಾದರೂ ಚಾರ್ಜಿಗೆ ನಿಲ್ಲೋ ಹಾಗೆ ಶೆಡ್ಯೂಲು ಬರೀಬೇಕು. ಬಿಸಿಲ ಹೊತ್ತಿನ ಕರೆಂಟಿಗೆ ದರ ಕಡಿಮೆ ಇಡಿ ಅಂತ ಕೇಂದ್ರದ 2023ರ ನಿಯಮವೇ ಹೇಳುತ್ತೆ. ದುಡ್ಡೂ ಉಳಿಯುತ್ತೆ.

ನೇರಾನೇರ

ಭಲೇ ಕಂಬ! ಹಂಗಾದ್ರೆ ಇ-ಸ್ಕೂಟರ್ ಲೆಕ್ಕಾನೂ ಹೇಳಿಬಿಡಿ.

ಕರೆಂಟ್_ಕಂಬ

ಕಿ.ಮೀ.ಗೆ ಸುಮಾರು 30 ವಾಟ್-ಅವರ್, ಅಂದರೆ 0.03 ಯೂನಿಟ್. ಅದೇ ದೇಶದ ಸರಾಸರಿಯಲ್ಲಿ 21 ಗ್ರಾಂ.

ನೇರಾನೇರ

ಸಿಕ್ಕಿಬಿದ್ರಿ! ಬಸ್ಸಲ್ಲಿ ಯಾವಾಗಲೂ ಐವತ್ತು ಜನ ಎಲ್ಲಿರ್ತಾರೆ? ಮಧ್ಯಾಹ್ನ ಮೂವತ್ತು ಜನ ಇದ್ರೆ ತಲೆಗೆ 22 ಗ್ರಾಂ. ಇ-ಸ್ಕೂಟರೂ ಅಷ್ಟೇ. ಹಂಗಾದ್ರೆ ಬಸ್ಸು, ಮೆಟ್ರೋ ಅಂತ ಸಾವಿರಾರು ಕೋಟಿ ಯಾಕೆ ಸುರೀಬೇಕು? ಎಲ್ಲರಿಗೂ ಸಬ್ಸಿಡಿಯಲ್ಲಿ ಒಂದೊಂದು ಇ-ಸ್ಕೂಟರ್ ಕೊಟ್ಟು ಕೈ ತೊಳ್ಕೊಳ್ಳಿ. ಗಿರಾಕಿ ಸಾಹೇಬ್ರೇ, ನಿಮ್ಮ ಇರಿಸುಮುರಿಸು ಬಿಡಿ, ಆರಾಮಾಗಿ ಓಡಾಡಿ.

ಸ್ಕೂಟಿ_ಅಮ್ಮ

ನೇರಾನೇರ ಅವರೇ, ಮಳೆಗಾಲದಲ್ಲಿ ಮಗು ಕೂರಿಸ್ಕೊಂಡು ಸರ್ಜಾಪುರ ರೋಡಲ್ಲಿ ಒಂದು ಸಲ ಹೋಗಿಬನ್ನಿ, ಆಮೇಲೆ ಮಾತಾಡೋಣ. ಗ್ರಾಂ ಲೆಕ್ಕದಲ್ಲಿ ಗುಂಡಿ ಬರಲ್ಲ, ಬಿದ್ದು ಮುರಿದ ಕೈ ಬರಲ್ಲ. ನಮ್ಮತ್ತೆಗೆ ಎಪ್ಪತ್ತೆರಡು, ಅವರಿಗೂ ಒಂದು ಸ್ಕೂಟರ್ ಕೊಡಿಸ್ತೀರಾ?

ರೈಟ್_ರೈಟ್

ನಾನು ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದವನು, ಈಗ ನಿವೃತ್ತ. ಕಂಬದವರ ಲೆಕ್ಕಕ್ಕೆ ನನ್ನದೊಂದು ಬಾಲಂಗೋಚಿ.

ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್, ಎಂಟು ಗಂಟೆ ಡ್ಯೂಟಿ. ಬಸ್ಸು ಗಂಟೆಗೆ 10 ಕಿ.ಮೀ. ತೆವಳಿದರೆ ದಿನಕ್ಕೆ 80 ಕಿ.ಮೀ. ಅದೇ 15ರಲ್ಲಿ ಹೋದರೆ 120. ಸಂಬಳ ಅದೇ, ಬಸ್ಸು ಅದೇ, ಟ್ರಿಪ್ಪು ಮಾತ್ರ ಒಂದೂವರೆ ಪಟ್ಟು. ಅಂದರೆ ನೂರು ಬಸ್ಸು ನೂರೈವತ್ತು ಬಸ್ಸಿನ ಕೆಲಸ ಮಾಡುತ್ತೆ. ಬಸ್ಸು ಕೊಳ್ಳದೆ ಬಸ್ಸು ಜಾಸ್ತಿ ಮಾಡೋ ಉಪಾಯ ಇದೊಂದೇ. ಅದಕ್ಕೆ ಬೇಕಾಗಿರೋದು ಬಸ್ಸಿಗೇ ಅಂತ ಒಂದು ಸಾಲು (ಲೇನ್) ರಸ್ತೆ, ನಾಲ್ಕು ಕಂಬ, ಒಂದಿಷ್ಟು ಧೈರ್ಯ.

ಈಗಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಬಸ್ಸು ಕಂಪನಿಯದು, ಡ್ರೈವರ್ ಕಂಪನಿಯವನು, ಕಂಡಕ್ಟರ್ ಮಾತ್ರ ಸಾರಿಗೆ ನಿಗಮದವನು. ಕಂಪನಿಗೆ ಕಿ.ಮೀ. ಲೆಕ್ಕದಲ್ಲಿ ದುಡ್ಡು, ಇಂತಿಷ್ಟು ಕಿ.ಮೀ. ಓಡಿಸ್ತೀವಿ ಅಂತ ನಿಗಮದ ಕಡೆಯಿಂದ ಖಾತ್ರಿ. ಜಾಮ್‌ನಲ್ಲಿ ನಿಂತು ಕಿ.ಮೀ. ಮುಗಿಯದಿದ್ದರೆ ಏನು ಮಾಡೋದು? ಹಾಗಾಗಿ ಲೇನ್ ಇಲ್ಲದೆ ಬ್ಯಾಟರಿ ಬಸ್ಸು ತರೋದು ಅಂದರೆ ಬಾವಿ ತೋಡದೆ ಪಂಪ್‌ಸೆಟ್ ತಂದ ಹಾಗೆ.

500ಡಿ_ಗಿರಾಕಿ

@ರೈಟ್_ರೈಟ್ ಸರ್, ನಮ್ಮ ಔಟರ್ ರಿಂಗ್ ರೋಡಲ್ಲೇ 2019ರಲ್ಲಿ ಮಾಡಿದ್ದರಲ್ಲ, ಸಿಲ್ಕ್ ಬೋರ್ಡಿಂದ ಟಿನ್ ಫ್ಯಾಕ್ಟರಿ ಕಡೆಗೆ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಬಸ್ಸಿಗೇ ಒಂದು ಸಾಲು. ನನ್ನ ಜೀವನದಲ್ಲಿ ಬಸ್ಸಲ್ಲಿ ಕೂತು ಕಾರಿನವರನ್ನ ಅಯ್ಯೋ ಪಾಪ ಅಂತ ನೋಡಿದ್ದು ಅದೇ ಮೊದಲು, ಅದೇ ಕೊನೆ. ಆಮೇಲೆ ಕೋವಿಡ್ ಬಂತು, ಮೆಟ್ರೋ ನೀಲಿ ಮಾರ್ಗದ ಕೆಲಸ ಶುರುವಾಯ್ತು, ಲೇನ್ ಹೋಯ್ತು.

ಪೇಡೆಪ್ರಿಯ

ಬೆಂಗಳೂರಾಗ ಲೇನ್ ಲೇನ್ ಅಂತ ಕನಸು ಕಾಣ್ತೀರಿ, ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಬಂದ್ ನೋಡ್ರಿ. 22 ಕಿ.ಮೀ. ದಾರಿ, ನಟ್ಟನಡುವ ಬಸ್ಸಿಗಂತನ ಬ್ಯಾರೆ ರಸ್ತೆ. 2018ರಾಗ ಚಿಗರಿ ಬಸ್ ಓಡಾಕ ಚಾಲೂ ಆದ್ವು, 2020ರ ಫೆಬ್ರುವರಿದಾಗ ವೆಂಕಯ್ಯ ನಾಯ್ಡು ಅವರು ಬಂದು ಉದ್ಘಾಟನಾ ಮಾಡಿದ್ರು. ಎಸಿ ಬಸ್ಸು, ಪ್ಲಾಟ್‌ಫಾರ್ಮಿನ ಎತ್ತರಕ್ಕ ಸರಿಯಾಗಿ ಬಾಗಲಾ, ಮೆಟ್ಟಲಾ ಹತ್ತೂ ಕೆಲಸ ಇಲ್ಲ. ನಮ್ಮವ್ವ ಮೊದಲ ದಿನ ಹತ್ತಿ "ಇದೇನೋ ಇಮಾನ ಇದ್ದಂಗೈತಿ" ಅಂದಿದ್ಲು.

ಅಷ್ಟಾದ್ರೂ ಇವತ್ತು ಏನಾಗೇದ? ಬಿಆರ್‌ಟಿಎಸ್ ಅಂದ್ರ ಈ ಬಸ್ಸಿನ ದಾರಿ, ಅದನ್ನ ಎಲ್ಲಾ ಗಾಡಿಗೂ ಬಿಡ್ರಿ ಅಂತ ಧಾರವಾಡದಾಗ ಹೋರಾಟ ನಡದಾವ. ಯಾಕ ಅಂದ್ರ, ಬಸ್ಸಿನ ದಾರಿ ನಡುವ ಆರಾಮ ಆತು, ಎಡಬಲದ ರಸ್ತೆ ಇಕ್ಕಟ್ಟಾತು. ಜಾಮಿನಾಗ ನಿಂತಾಂವ ಬಾಜೂಕ ಖಾಲಿ ರಸ್ತೆ ನೋಡಿದ್ರ ಹೊಟ್ಟಿ ಉರೀದ ಇರತದೇನು? ಮ್ಯಾಲೆ ಟೋಲ್ ನಾಕಾದಾಗ ಮಳಿ ಬಂದ್ರ ನೀರ ನಿಂತು ಕೆರಿ. ಸ್ಟೇಶನ್ನು ರಸ್ತೆ ನಡುವ, ಅಲ್ಲಿಗೆ ದಾಟೂದ ಒಂದ್ ಸಾಹಸ. ಓಣಿಯಿಂದ ಸ್ಟೇಶನ್ ತನಕ ತಂದು ಬಿಡೂ ಸಣ್ಣ ಬಸ್ಸಿನ ವ್ಯವಸ್ಥಾ ಮೊದಲ ಮಾಡಬೇಕಿತ್ತು.

ಆದ್ರ ಒಂದ್ ಮಾತು. ನಿಮಿಷಕ್ಕೊಂದು ಬಸ್ಸು ಐವತ್ತು ಮಂದಿನ್ನ ತಗೊಂಡು ಹೋದ್ರ ತಾಸಿಗೆ ಮೂರು ಸಾವಿರ ಮಂದಿ. ಒಂದು ಸಾಲು ಕಾರಿನಾಗ ಅಷ್ಟು ಮಂದಿ ದಾಟೂದ ಇಲ್ಲ. ಬಸ್ ಲೇನ್ ಯಾವಾಗ್ಲೂ ಖಾಲಿನ *ಕಾಣ್ತದ*, ಜಾಮ್ ಆಗಿಲ್ಲ ಅನ್ನೂದಕ್ಕ ಕಾಣ್ತದ. ಇದನ್ನ ಮಂದಿಗೆ ತಿಳಿಸಿ ಹೇಳಾಕ ಯಾರೂ ಇಲ್ಲ.

ಸೀಟ್‌ಬೆಲ್ಟ್

ಎಲ್ಲರೂ ಸೇರಿ ಕಾರಿನವರ ಮೇಲೆ ಬೀಳ್ತಿದ್ದೀರಿ, ಇರಲಿ. ನಾನು ಕಾರಿನವನು. ಗಾಡಿ ಕೊಳ್ಳುವಾಗ ಜೀವಾವಧಿ ತೆರಿಗೆ ಅಂತ ಲಕ್ಷಗಟ್ಟಲೆ ಕಟ್ಟಿದ್ದೀನಿ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತೆರಿಗೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಲೀಟರಿಗೆ ಇನ್ನೂ ಮೂರು ರೂಪಾಯಿ ಏರಿಸ್ತು, ಅದನ್ನೂ ಕೊಡ್ತಿದ್ದೀನಿ. ಇಷ್ಟೆಲ್ಲ ಕೊಟ್ಟವನಿಗೆ ರಸ್ತೆನೂ ಕಮ್ಮಿ ಮಾಡ್ತೀರಾ? ಮೊದಲು ನನ್ನ ಮನೆಯಿಂದ ಆಫೀಸಿಗೆ ಕೂತು ಹೋಗೋಕೆ ಒಂದು ಬಸ್ಸು ಕೊಡಿ, ಆಮೇಲೆ ಕಾರು ಬಿಡು ಅನ್ನಿ.

ಹಿಮದೂರು_ಕನ್ನಡಿಗ

ಸೀಟ್‌ಬೆಲ್ಟ್ ಅವರ ಕೊನೆಯ ಮಾತು ನೂರಕ್ಕೆ ನೂರು ಸರಿ. ನಾನಿರೋ ಊರಿನ ಕಥೆ ಹೇಳ್ತೀನಿ, ಸ್ಟಾಕ್‌ಹೋಮ್.

ಇಲ್ಲಿ ಊರೊಳಗೆ ಕಾರು ತಂದರೆ ದುಡ್ಡು ಕಟ್ಟಬೇಕು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಅಂತ ಮಾಡಿದರು. ಶುರುವಾಗೋ ಮುಂಚೆ ಬಹಳ ಜನ ವಿರೋಧ. ಆದರೆ ಒಂದು ಜಾಣತನ ಮಾಡಿದ್ದರು. ತೆರಿಗೆ ಶುರುವಾಗಿದ್ದು ಜನವರಿಯಲ್ಲಿ, ಹೆಚ್ಚುವರಿ ಬಸ್ಸುಗಳು ರಸ್ತೆಗಿಳಿದಿದ್ದು ಹಿಂದಿನ ಆಗಸ್ಟ್‌ನಲ್ಲೇ. ಮೊದಲು ಊಟ ಬಡಿಸಿ, ಆಮೇಲೆ ಬಿಲ್ಲು. ಗಡಿ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಇಳಿದವು. ಜುಲೈಗೆ ಪ್ರಯೋಗ ಮುಗಿಸಿ ತೆರಿಗೆ ತೆಗೆದರು, ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದರು. ಅಷ್ಟರಲ್ಲಿ ಜನಕ್ಕೆ ಖಾಲಿ ರಸ್ತೆಯ ರುಚಿ ಹತ್ತಿತ್ತು, ನಗರದ ಮತದಾರರು ಬೇಕು ಅಂದರು. 2007ರ ಆಗಸ್ಟ್‌ನಿಂದ ಕಾಯಂ.

ಸಿಂಗಪುರ ಇದನ್ನ 1975ರಲ್ಲೇ ಮಾಡಿತ್ತು, ಲಂಡನ್ 2003ರಲ್ಲಿ. ನ್ಯೂಯಾರ್ಕ್ ವರ್ಷಗಟ್ಟಲೆ ಮೀನಮೇಷ ಎಣಿಸಿ 2025ರ ಜನವರಿಯಲ್ಲಿ ಶುರುಮಾಡಿತು.

ಇನ್ನು ಜೀವಾವಧಿ ತೆರಿಗೆ. ಅದು ಒಂದೇ ಸಲ ಕಟ್ಟೋದು. ಕಟ್ಟಿದ ಮೇಲೆ ದಿನಾ ಐವತ್ತು ಕಿ.ಮೀ. ಓಡಿಸಿದರೂ ಅಷ್ಟೇ, ವಾರಕ್ಕೊಂದು ಸಲ ದೇವಸ್ಥಾನಕ್ಕೆ ಹೋದರೂ ಅಷ್ಟೇ. ಇನ್ನೂ ಹೇಳಬೇಕು ಅಂದರೆ "ಅಷ್ಟು ಕಟ್ಟಿದ್ದೀನಿ, ಓಡಿಸದೆ ಬಿಡ್ತೀನಾ" ಅನ್ನೋ ಮನಸ್ಸು ಬರುತ್ತೆ. ತೆರಿಗೆ ಗಾಡಿ *ಇಟ್ಟುಕೊಂಡದ್ದಕ್ಕೆ* ಕಮ್ಮಿ, ರಶ್ ಹೊತ್ತಲ್ಲಿ *ತೆಗೆದದ್ದಕ್ಕೆ* ಜಾಸ್ತಿ ಇರಬೇಕು.

ಸೀಟ್‌ಬೆಲ್ಟ್

ಸ್ಟಾಕ್‌ಹೋಮ್ ಜನಸಂಖ್ಯೆ ನಮ್ಮ ನಾಲ್ಕು ವಾರ್ಡಿನಷ್ಟು ಇರಬೇಕು, ಅಲ್ವಾ ಸಾರ್ :) ಬೆಂಗಳೂರಲ್ಲಿ ಗಾಡಿಗಳೇ ಒಂದು ಕೋಟಿ ದಾಟಿವೆ.

ಹಿಮದೂರು_ಕನ್ನಡಿಗ

ನಾಲ್ಕು ವಾರ್ಡಿಗಿಂತ ಜಾಸ್ತಿ ಇದೀವಿ, ಅವಮಾನ ಮಾಡಬೇಡಿ :) ಒಂದು ಕೋಟಿ ಗಾಡಿ ಇರೋ ಊರಿಗೇ ಅಲ್ಲವೇ ಇದು ಹೆಚ್ಚು ಬೇಕಾಗಿರೋದು?

ಸ್ಕೂಟಿ_ಅಮ್ಮ

ಒಂದು ವಿಷಯ ಯಾರೂ ಎತ್ತಿಲ್ಲ. ನೀವೆಲ್ಲ ಮನೆಯಿಂದ ಆಫೀಸು, ಆಫೀಸಿಂದ ಮನೆ ಅಂತ ಒಂದೇ ಗೆರೆಯಲ್ಲಿ ಯೋಚಿಸ್ತೀರಿ. ನನ್ನ ದಿನ ಹಾಗಿಲ್ಲ. ಬೆಳಿಗ್ಗೆ ಮಗಳ ಸ್ಕೂಲು, ಅಲ್ಲಿಂದ ಆಫೀಸು, ಸಂಜೆ ಅತ್ತೆ ಮಾತ್ರೆ, ತರಕಾರಿ, ಡಾನ್ಸ್ ಕ್ಲಾಸು. ಐದು ಸಣ್ಣ ಸಣ್ಣ ಓಡಾಟ, ಒಂದೊಂದೂ ಒಂದೆರಡು ಕಿ.ಮೀ. ಇದಕ್ಕೆ ಮೆಟ್ರೋನೂ ಬೇಡ, ಸುರಂಗ ರಸ್ತೆನೂ ಬೇಡ. ನಡೆಯೋಕೆ ಫುಟ್‌ಪಾತ್ ಬೇಕು. ಕಲ್ಲು ಎದ್ದಿರಬಾರದು, ಟ್ರಾನ್ಸ್‌ಫಾರ್ಮರ್ ಅಡ್ಡ ಇರಬಾರದು, ಬೈಕು ಹತ್ತಿ ಬರಬಾರದು. ರೆಸಿಡೆನ್ಸಿ ರೋಡಲ್ಲಿ, ಕನ್ನಿಂಗ್‌ಹ್ಯಾಮ್ ರೋಡಲ್ಲಿ ಟೆಂಡರ್‌ಶ್ಯೂರ್ ಅಂತ ಅಗಲ ಫುಟ್‌ಪಾತಿನ ರಸ್ತೆ ಮಾಡಿದ್ದಾರಲ್ಲ, ಅದು ನಮ್ಮಂಥ ಬಡಾವಣೆಗೆ ಯಾಕಿಲ್ಲ? ಸ್ಕೂಲಿಗೆ ಮುಕ್ಕಾಲು ಕಿ.ಮೀ. ಅಷ್ಟು ದೂರಕ್ಕೆ ನಾನು ಪೆಟ್ರೋಲ್ ಸುಡೋದು ಸೋಮಾರಿತನಕ್ಕಲ್ಲ, ಭಯಕ್ಕೆ.

ನೇರಾನೇರ

ಹೆಂಗಸರಿಗೆ ಬಸ್ಸು ಫ್ರೀ ಇದೆಯಲ್ಲ ಮೇಡಂ. ಫ್ರೀ ಕೊಟ್ಟು ತುಂಬಿಸಿದ್ದಕ್ಕೇ ಕಾರಿನವರು ಬಸ್ಸು ಹತ್ತಲ್ಲ.

ರೈಟ್_ರೈಟ್

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದಕ್ಕೂ ಮುಂಚೆ ಕಾರಿನವರು ಬಸ್ಸು ಹತ್ತುತ್ತಿದ್ದರಾ ಸ್ವಾಮಿ? 2010ರಲ್ಲಿ ತಿಂಗಳ ನಾಲ್ಕನೇ ತಾರೀಖು "ಬಸ್ ಡೇ" ಅಂತ ಮಾಡಿದಾಗಲೂ ನಾನು ಡ್ಯೂಟಿಯಲ್ಲಿದ್ದೆ. ಫೋಟೋ ತೆಗೆಸ್ಕೊಂಡು ಐದನೇ ತಾರೀಖು ಮತ್ತೆ ಕಾರು.

ಇಂಗಾಲದ ಲೆಕ್ಕದಲ್ಲಿ ಶಕ್ತಿಯಿಂದ ಎಷ್ಟು ಉಳೀತು ಅಂತ ಹೇಳೋದು ಕಷ್ಟ, ಒಪ್ಪುತ್ತೇನೆ. ಹತ್ತಿದವರಲ್ಲಿ ಬಹಳ ಜನ ಮೊದಲು ನಡೆದು ಹೋಗ್ತಿದ್ದವರು, ಇಲ್ಲಾ ಹೋಗ್ತಾನೇ ಇರಲಿಲ್ಲ. ಅದು ಬೇರೆ ಥರದ ಪುಣ್ಯದ ಕೆಲಸ. ಸ್ಕೂಟರಿನವನನ್ನ ಬಸ್ಸಿಗೆ ಎಳೆಯೋದು ಫ್ರೀ ಟಿಕೆಟ್ಟಲ್ಲ, "ಹತ್ತು ನಿಮಿಷಕ್ಕೊಂದು ಬಂದೇ ಬರುತ್ತೆ" ಅನ್ನೋ ನಂಬಿಕೆ. ಆದರೆ ದರ ಏರಿಸಿದರೆ ಇದ್ದವರೂ ಇಳೀತಾರೆ, ಅದು ಮಾತ್ರ ಖಚಿತ. 2025ರ ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90ಕ್ಕೆ ಹೋಯ್ತಲ್ಲ. ಗಂಡ-ಹೆಂಡತಿ ಇಬ್ಬರು ಹೋಗಿಬರೋ ದುಡ್ಡಲ್ಲಿ ಸ್ಕೂಟರಿಗೆ ಎರಡು-ಮೂರು ಲೀಟರ್ ಪೆಟ್ರೋಲ್ ಬರುತ್ತೆ. ಜನ ದಡ್ಡರಲ್ಲ.

ಕರೆಂಟ್_ಕಂಬ

ಸಬ್ಸಿಡಿ ವಿಷಯ ಬಂತಲ್ಲ, ಇದನ್ನೂ ನೋಡಿ. ದೇಶದಲ್ಲೇ ಮೊದಲು ಇವಿ ನೀತಿ ತಂದಿದ್ದು ಕರ್ನಾಟಕ, 2017ರಲ್ಲಿ. ಇವಿಗೆ ರಸ್ತೆ ತೆರಿಗೆ ಪೂರ್ತಿ ಮಾಫಿ. ಕೋಟಿ ಬೆಲೆಯ ಬ್ಯಾಟರಿ ಕಾರಿಗೂ ಮಾಫಿ! 2024ರಲ್ಲಿ ಬುದ್ಧಿ ಬಂದು 25 ಲಕ್ಷಕ್ಕಿಂತ ಮೇಲಿನವಕ್ಕೆ 10% ಹಾಕಿದರು. ಅಷ್ಟು ವರ್ಷ ಬಿಟ್ಟುಕೊಟ್ಟ ದುಡ್ಡಲ್ಲಿ ಓಣಿಯಿಂದ ಸ್ಟೇಷನ್ನಿಗೆ ಬಿಡೋ ಫೀಡರ್ ಬಸ್ಸು ಎಷ್ಟು ಬರ್ತಿತ್ತೋ. ಮಾಫಿ ಬೇಕಾಗಿರೋದು ದಿನಕ್ಕೆ ನೂರು ಕಿ.ಮೀ. ಮೀರಿ ಓಡೋ ಗಾಡಿಗೆ, ಅಂದರೆ ಆಟೋ, ಸಾಮಾನು ಸಾಗಿಸೋ ಟೆಂಪೋ, ಡೆಲಿವರಿ ಹುಡುಗರ ಬೈಕು. ವಾರಕ್ಕೆರಡು ದಿನ ಹೊರಗೆ ಬರೋ ಕಾರಿಗಲ್ಲ.

@ನೇರಾನೇರ, ಇ-ಸ್ಕೂಟರ್ ಲೆಕ್ಕದಲ್ಲಿ ನೀವು ಗೆದ್ದಿರಿ, ಮುಚ್ಚುಮರೆ ಇಲ್ಲ. ಪೆಟ್ರೋಲ್ ಸ್ಕೂಟರಿನವನು ಇ-ಸ್ಕೂಟರ್ ತಗೊಂಡರೆ ಅರ್ಧಕ್ಕಿಂತ ಜಾಸ್ತಿ ಇಂಗಾಲ ಉಳಿಯುತ್ತೆ. ಆದರೆ ನಮ್ಮ ಗಿರಾಕಿಯವರ ಥರ *ಬಸ್ಸಿನವನು* ತಗೊಂಡರೆ ಹಿಂದೆ ಬರೋ ನಲವತ್ತೊಂಬತ್ತು ಜನರ ಬಸ್ಸು ಇನ್ನಷ್ಟು ನಿಧಾನ ಆಗುತ್ತೆ. ನಿಂತ ಬಸ್ಸು ಡೀಸೆಲ್ ಕುಡಿಯುತ್ತೆ, ಇಲ್ಲಾ ಎಸಿಗೆ ಬ್ಯಾಟರಿ ಕುಡಿಯುತ್ತೆ. ಆ ಗ್ರಾಂಗಳನ್ನ ಯಾರ ಲೆಕ್ಕಕ್ಕೆ ಬರೆಯೋಣ?

ಪೇಡೆಪ್ರಿಯ

ಸುರಂಗದ ಲೆಕ್ಕಕ್ಕ ಬರೀರಿ :))

500ಡಿ_ಗಿರಾಕಿ

ಸುರಂಗ ಅಂದಿರಲ್ಲ, ಹೊಟ್ಟೆ ಉರಿಯೋ ವಿಷಯ ಅದೇ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 16 ಕಿ.ಮೀ. ಮೀರಿದ ಸುರಂಗ ರಸ್ತೆ, 17 ಸಾವಿರ ಕೋಟಿಗೂ ಮೇಲಿನ ಅಂದಾಜು. 500ಡಿಯ ಎರಡು ತುದಿಗಳೂ ಅವೇ, ಹೆಬ್ಬಾಳ ಮತ್ತು ಸಿಲ್ಕ್ ಬೋರ್ಡ್! ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಅಂದರೂ ಹನ್ನೊಂದು ಸಾವಿರ ಬಸ್ಸು. ಉಪನಗರ ರೈಲು 148 ಕಿ.ಮೀ.ಗೆ ಅಂದಾಜಿಸಿದ್ದು 15,767 ಕೋಟಿ. ಶಂಕುಸ್ಥಾಪನೆ 2022ರ ಜೂನ್‌ನಲ್ಲಾಯ್ತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು ಬೇರೆ ಇಟ್ಟರು. ನಾವು ಕಿವಿಗೆ ಇಟ್ಟುಕೊಂಡು ಕೂತಿದ್ದೀವಿ.

ಸೀಟ್‌ಬೆಲ್ಟ್

ಆ ಹೋಲಿಕೆ ಅಷ್ಟು ಸರಳ ಅಲ್ಲ. ಸುರಂಗಕ್ಕೆ ಖಾಸಗಿಯವರ ದುಡ್ಡು ಬರುತ್ತೆ, ಟೋಲ್‌ನಲ್ಲಿ ವಾಪಸ್ ಹೋಗುತ್ತೆ. ಬಸ್ಸಿಗೆ ಕೊಂಡ ಮೇಲೂ ವರ್ಷ ವರ್ಷ ಸಂಬಳ, ಕರೆಂಟು, ರಿಪೇರಿ. ಆದರೆ ಟೋಲ್ ಕಟ್ಟಿ ಸುರಂಗದಿಂದ ಮೇಲೆ ಬಂದಾಗ ಎದುರಿಗೆ ಅದೇ ಹೆಬ್ಬಾಳದ ಜಾಮ್ ಇರುತ್ತೆ ಅನ್ನೋದು ನನಗೂ ಗೊತ್ತು.

ನಿಜ ಹೇಳಲಾ? ನನ್ನನ್ನ ಕಾರಿನಿಂದ ಇಳಿಸೋದು ತೆರಿಗೆ ಅಲ್ಲ, ಪಾರ್ಕಿಂಗ್. ಎಂ.ಜಿ. ರೋಡಿಗೆ ಹೋಗಬೇಕು ಅಂದರೆ ನಾನು ಮೆಟ್ರೋಲೇ ಹೋಗೋದು, ಗಾಡಿ ನಿಲ್ಲಿಸೋಕೆ ಜಾಗ ಹುಡುಕೋ ಕಾಟ ಬೇಡ ಅಂತ. ಆಫೀಸಲ್ಲಿ ನೆಲಮಾಳಿಗೆ ಪಾರ್ಕಿಂಗ್ ಪುಕ್ಕಟೆ, ಅದಕ್ಕೇ ಕಾರು.

ಹಿಮದೂರು_ಕನ್ನಡಿಗ

ಆಹಾ, ಕಾರಿನವರ ಬಾಯಲ್ಲೇ ಬಂತು. ಜಪಾನಿನಲ್ಲಿ 1962ರಿಂದಲೂ ಕಾನೂನಿದೆ. ನಿಲ್ಲಿಸೋಕೆ ಸ್ವಂತದ್ದೋ ಬಾಡಿಗೆಯದೋ ಜಾಗ ಇದೆ ಅಂತ ತೋರಿಸದೆ ಕಾರು ನೋಂದಣಿ ಇಲ್ಲ. ನಮ್ಮಲ್ಲಿ ಮನೆ ಮುಂದಿನ ರಸ್ತೆ ಅಂದರೆ ಪಿತ್ರಾರ್ಜಿತ ಆಸ್ತಿ, ಹೂಕುಂಡ ಇಟ್ಟು ಕಾಯ್ದಿರಿಸ್ತೀವಿ.

ಕರೆಂಟ್_ಕಂಬ

ಬೆಂಗಳೂರಿಗೂ ಪಾರ್ಕಿಂಗ್ ನೀತಿ 2.0 ಅಂತ 2021ರಲ್ಲೇ ಒಪ್ಪಿಗೆ ಸಿಕ್ಕಿದೆ. ರಸ್ತೆಯಲ್ಲಿ ನಿಲ್ಲಿಸೋಕೆ ದುಡ್ಡು, ಪರ್ಮಿಟ್ಟು ಎಲ್ಲ ಅದರಲ್ಲಿದೆ. ಊರಿನ ಓಡಾಟ ನೋಡ್ಕೊಳ್ಳೋ ಭೂಸಾರಿಗೆ ಪ್ರಾಧಿಕಾರಕ್ಕಂತಲೇ 2022ರಲ್ಲಿ ಕಾಯ್ದೆನೂ ಆಯ್ತು. ಕಾಗದಕ್ಕೆ ನಮ್ಮಲ್ಲಿ ಬರ ಇಲ್ಲ. ಪಾರ್ಕಿಂಗ್ ದುಡ್ಡು ನೇರ ಆ ವಾರ್ಡಿನ ಫುಟ್‌ಪಾತಿಗೇ ಹೋಗುತ್ತೆ ಅಂತ ಬರೆದುಕೊಟ್ಟರೆ ಸ್ಕೂಟಿ_ಅಮ್ಮನಂಥವರು ಬೆಂಬಲಕ್ಕೆ ನಿಲ್ತಾರೆ.

ಸ್ಕೂಟಿ_ಅಮ್ಮ

ನಿಲ್ತೀನಿ. ಬರೆದುಕೊಟ್ಟ ಮೇಲೆ.

500ಡಿ_ಗಿರಾಕಿ

ಎಲ್ಲರಿಗೂ ಥ್ಯಾಂಕ್ಸ್. ನನ್ನ ತಲೆಯಲ್ಲಿದ್ದ ಹುಳ ಹೋಗಲಿಲ್ಲ, ಮರಿ ಹಾಕ್ತು. ಸ್ಕೂಟರನ್ನಂತೂ ಮಾರಲ್ಲ, ಹೆಂಡತಿ ಪೆಟ್ರೋಲ್ ಗಾಡಿ ಬದಲು ಅದನ್ನ ಓಡಿಸ್ತೀನಿ ಅಂದಿದ್ದಾಳೆ. ನಾನು ಸೋಮವಾರದಿಂದ ಮತ್ತೆ ಬಸ್ಸು, ಒಂದು ತಿಂಗಳು ನೋಡ್ತೀನಿ.

@ರೈಟ್_ರೈಟ್ ಸರ್, ಮಾರತ್ತಹಳ್ಳಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಸೀಟು ಸಿಗೋಕೆ ಏನಾದರೂ ಉಪಾಯ ಇದೆಯಾ?

ರೈಟ್_ರೈಟ್

ಎಂಟೂವರೆಗೆ ಬ್ರಹ್ಮ ಬಂದರೂ ಸೀಟಿಲ್ಲ ಕಣಪ್ಪ. ಏಳೂಮುಕ್ಕಾಲಿಗೆ ಬಾ. ಒಂದು ಬಸ್ಸು ತುಂಬಿ ಬಂದರೆ ನುಗ್ಗಬೇಡ, ಅದರ ಬೆನ್ನಿಗೇ ಎರಡನೇದು ಇರುತ್ತೆ, ಜಾಮ್‌ನಲ್ಲಿ ಎರಡೂ ಒಟ್ಟಿಗೆ ಸಿಕ್ಕಿಕೊಂಡಿರ್ತವೆ. ಚಿಲ್ಲರೆ ಇಟ್ಟುಕೋ.